ಮಂಜುಗಡ್ಡೆ ಅಂಟದ ಮೈ

ಕೊಚ್ಚಿಯ ಮೀನುಬಂದರಿನ ಕಡೆ ಐಸ್ ಕಾರ್ಖಾನೆಯ ಕೆಲಸವನ್ನು ಕಂಡವರು ನಮ್ಮ ವಾಚನಾಲಯದ ಮಿತ್ರರಲ್ಲಿ ಹಲವರಿದ್ದಾರೆ. ಅಲ್ಲಿ ನೀರು ತುಂಬಿದ ತಗಡಿನ ಕ್ಯಾನುಗಳನ್ನು ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿರುವ ಉಪ್ಪುನೀರಿನಲ್ಲಿ ಇಳಿಬಿಡುತ್ತಾರೆ. ನೀರು ಗಡ್ಡೆಯಾದ ಮೇಲೆ ಕ್ಯಾನನ್ನು ಬೋರಲು ಹಾಕಿದರೂ ಅದು ಹೊರಗೆ ಬಾರದು. ಸಾದಾ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಅಂಚಿನ ತೆಳು ಪದರ ಕರಗಿ ಗಡ್ಡೆ ತಾನಾಗಿ ಜಾರುತ್ತದೆ. ಕ್ಯಾನಿನ ಬುಡವನ್ನು ಬಾಯಿಗಿಂತ ಕಿರಿದಾಗಿ ಮಾಡಿರುವುದೂ ಈ ಅನುಕೂಲಕ್ಕಾಗಿಯೇ.

ಅದು ಅಂಟುವುದೇಕೆ? ನುಣುಪಾಗಿ ತೋರುವ ತಗಡಿನಲ್ಲಿಯೂ ಕಣ್ಣಿಗೆ ಕಾಣದ ಕುಳಿಗಳಿವೆ. ನೀರು ಅವುಗಳೊಳಗೆ ಇಳಿದು, ಅಲ್ಲಿಯೇ ಗಟ್ಟಿಯಾಗಿ, ಬೇರೂರಿದಂತೆ ಹಿಡಿದುಕೊಳ್ಳುತ್ತದೆ.

ಕ್ಯಾನಿನಲ್ಲಿ ಇದು ಸಣ್ಣ ತೊಡಕು. ವಿಮಾನದ ರೆಕ್ಕೆಯ ಮೇಲೆ ಪ್ರಾಣದ ಪ್ರಶ್ನೆ. 1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ವಿಮಾನವೊಂದು ಮೇಲೇರುತ್ತಲೇ ನದಿಗೆ ಬಿದ್ದು 78 ಮಂದಿ ಸತ್ತರು. ರೆಕ್ಕೆಗೆ ಹತ್ತಿದ್ದ ಹಿಮವೂ ಅದಕ್ಕೆ ಒಂದು ಕಾರಣ.

ಹಾಗಾದರೆ ನೀರೇ ನಿಲ್ಲದಂಥ ಮೈಯನ್ನು ಮಾಡಬಾರದೆ? ಊರಿನ ಕೆಸುವಿನೆಲೆಯನ್ನು ನೆನೆಯಿರಿ. ಅದರ ಮೇಣದ ಸೂಕ್ಷ್ಮ ಉಬ್ಬುಗಳ ನಡುವೆ ಗಾಳಿ ಇರುವುದರಿಂದ ಹನಿಯು ಮುತ್ತಿನಂತೆ ಉರುಳಿಹೋಗುತ್ತದೆ. ವಿಜ್ಞಾನಿಗಳು ಇಂಥ ಮೈಗಳನ್ನು ಮಾಡಿ ನೋಡಿದ್ದಾರೆ. ಹನಿಯು ಹೆಪ್ಪುಗಟ್ಟುವ ಮೊದಲೇ ಜಾರುವುದೇನೋ ನಿಜ. ಆದರೆ ತೇವದ ಗಾಳಿಯಲ್ಲಿ ಆವಿಯೇ ಉಬ್ಬುಗಳ ಸಂದಿನೊಳಗೆ ಹಿಮವಾಗಿ ಕೂಡುತ್ತದೆ. ಆಗ ಆ ಉಬ್ಬುಗಳೇ ಗಡ್ಡೆಗೆ ಹಿಡಿಕೆಗಳಾಗುತ್ತವೆ! ನೀರನ್ನು ದೂಡುವುದೇ ಬೇರೆ, ಗಡ್ಡೆಯನ್ನು ಬಿಡಿಸುವುದೇ ಬೇರೆ.

ಈ ತೊಡಕಿಗೆ ಎರಡು ಉಪಾಯಗಳು ಹೊಳೆದಿವೆ. ಹೂಜಿಗಿಡದ ಅಂಚಿನಲ್ಲಿ ಕೀಟಗಳು ಜಾರಿ ಬೀಳುವುದನ್ನು ಮಾದರಿಯಾಗಿಟ್ಟುಕೊಂಡು ಹಾರ್ವರ್ಡ್ ವಿಶ್ವವಿದ್ಯಾನಿಲಯದವರು 2011ರಲ್ಲಿ, ಸಂದುಗಳಲ್ಲಿ ಗಾಳಿಗೆ ಬದಲು ಎಣ್ಣೆಯಂಥ ದ್ರವವನ್ನು ತುಂಬಿದ ಮೈಯನ್ನು ಪ್ರಕಟಪಡಿಸಿದರು. 2016ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದವರು ಮೆತ್ತನೆಯ ರಬ್ಬರಿನ ಲೇಪಗಳನ್ನು ತೋರಿಸಿದರು. ಎಳೆದಾಗ ರಬ್ಬರು ಬಳುಕುತ್ತದೆ, ಗಡ್ಡೆ ಬಳುಕದು. ನಡುವೆ ಬಿರುಕು ಬಿಟ್ಟು ಗಡ್ಡೆ ಕಳಚುತ್ತದೆ.

ಆದರೂ ಎಣ್ಣೆ ಬರಬರುತ್ತ ತೀರುತ್ತದೆ, ಮೆತ್ತನೆಯ ಲೇಪ ಸವೆಯುತ್ತದೆ. ಆದುದರಿಂದ ಚಳಿದೇಶದ ವಿಮಾನನಿಲ್ದಾಣಗಳಲ್ಲಿ ಇಂದಿಗೂ ರೆಕ್ಕೆಗೆ ಬಿಸಿ ಗ್ಲೈಕಾಲ್ ದ್ರವವನ್ನು ಎರಚಿ ಹಿಮವನ್ನು ತೆಗೆಯುತ್ತಾರೆ. ಬಾಳಿಕೆ ಬರುವ ಮೈಯನ್ನು ಕಂಡುಹಿಡಿಯುವುದೇ ಉಳಿದಿರುವ ಕೆಲಸ.

ಅಲ್ಲಿಯವರೆಗೆ ಮಿತ್ರರಲ್ಲಿ ಒಂದು ವಿಜ್ಞಾಪನೆ: ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿದರೆ ಚಾಕುವಿನಿಂದ ಕೆತ್ತಬೇಡಿ, ಕೊಳವೆ ತೂತಾದೀತು. ವಿದ್ಯುತ್ತನ್ನು ನಿಲ್ಲಿಸಿ ಸ್ವಲ್ಪ ಕಾಯಿರಿ. ಅಂಚಿನ ತೆಳು ಪದರ ಕರಗಿದರೆ ಸಾಕು, ಉಳಿದದ್ದು ತಾನೇ ಬಿಡುತ್ತದೆ.