ಗಣಕಯಂತ್ರವೂ ಮಿತಿ ಮೀರಿದ ವೇಗವೂ

ಎತ್ತಿನ ಕಸುವನ್ನು ನೋಡಿ ಬಂಡಿಗೆ ಹೇರು ಹೇರಬೇಕೆಂಬುದು ನಮ್ಮ ಒಕ್ಕಲಿಗನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಹಸಿಯಾದ ಎರೆಯ ಹೊಲದಲ್ಲಿ ಬಂಡಿ ಹೊಡೆದವನ ಗತಿಯನ್ನು ರೋಣ, ನರಗುಂದಗಳ ಸೀಮೆಯಲ್ಲಿ ಅರಿಯದವರಿಲ್ಲ. ಮಗ್ಗವನ್ನು ಅವಸರಿಸಿದರೆ ನೂಲು ಹರಿಯುವದೆಂಬುದನ್ನು ಗಜೇಂದ್ರಗಡದ ನೇಕಾರನೂ ಬಲ್ಲನು. ಆದರೆ ಇಂಥವರ ಮಕ್ಕಳೇ ಗಣಕಯಂತ್ರವನ್ನು ಜೋಡಿಸಲು ಕುಳಿತಾಗ ಹಿರಿಯರ ಈ ವಿವೇಕವು ಮರೆತುಹೋಗುವದುಂಟು.

ಸಿದ್ಧಯಂತ್ರವನ್ನು ಕೊಳ್ಳದೆ, ಭಾಗಗಳನ್ನು ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆಯ್ದು ತಂದು ಸ್ವಹಸ್ತದಿಂದ ಜೋಡಿಸುವದು ಸರ್ವಥಾ ಸ್ತುತ್ಯವಾದ ಕಾರ್ಯವು. ಆ ಭಾಗಗಳಲ್ಲಿ ಸ್ವದೇಶಿಯೆಷ್ಟು ಎಂದು ಕೇಳಿದರೆ ತಲೆ ತಗ್ಗಿಸಬೇಕಾಗುವದು ನಿಜ. ಮದ್ರಾಸಿನ ಐ.ಐ.ಟಿ.ಯು ‘ಶಕ್ತಿ’ ಎಂಬ ಪ್ರೊಸೆಸರನ್ನು ರಚಿಸಿದೆ. 2021ರಲ್ಲಿ ಕೇಂದ್ರ ಸರಕಾರವು ಸೆಮಿಕಂಡಕ್ಟರ್ ಉದ್ಯಮಕ್ಕೆ ದೊಡ್ಡ ಯೋಜನೆಯನ್ನು ಹಾಕಿದೆ. ಬಾಹ್ಯಾಕಾಶ ಕಾರ್ಯಕ್ಕಾಗಿ ಮೊಹಾಲಿಯಲ್ಲಿ ‘ವಿಕ್ರಮ್’ ಪ್ರೊಸೆಸರು ಸಿದ್ಧವಾಗಿದೆ. ಆದರೂ ಮನೆಯ ಮೇಜಿನ ಮೇಲಿನ ಗಣಕದ ಹೃದಯವು ಇನ್ನೂ ಪರದೇಶದ್ದೇ. ಆದ್ದರಿಂದ ಈ ಯಂತ್ರದಲ್ಲಿ ನಾವು ನಮ್ಮದಾಗಿ ಮಾಡಿಕೊಳ್ಳಬಹುದಾದದ್ದು ಅದರ ಜ್ಞಾನವೊಂದೇ.

ಆಯ್ಕೆಯು ಕೆಲಸದಿಂದ ಆರಂಭವಾಗತಕ್ಕದ್ದು, ಜಾಹೀರಾತಿನಿಂದಲ್ಲ. ಲೆಕ್ಕಪತ್ರ, ಲಗ್ನಪತ್ರಿಕೆಯ ಮುದ್ರಣ, ವಿದ್ಯಾಭ್ಯಾಸ ಇವುಗಳಿಗೆ ಸಾಧಾರಣ ಪ್ರೊಸೆಸರೂ ಅದರೊಳಗಿನ ಗ್ರಾಫಿಕ್ಸೂ ಸಾಕು. ಬೇರೆ ಗ್ರಾಫಿಕ್ಸ್ ಕಾರ್ಡು ಬೇಕಾಗುವದು ಆಟಗಳಿಗೆ ಮತ್ತು ಚಲಚ್ಚಿತ್ರ ಸಂಕಲನದಂಥ ಭಾರದ ಕೆಲಸಗಳಿಗೆ. ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಾಕೆಟ್ಟು ಹೊಂದುವದೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. 16 ಜಿ.ಬಿ. ರ್‍ಯಾಮನ್ನು ಒಂದೇ ಪಟ್ಟಿಯಾಗಿ ತರುವದಕ್ಕಿಂತ 8 ಜಿ.ಬಿ.ಯ ಎರಡು ಪಟ್ಟಿಗಳನ್ನು ತಂದರೆ ಎರಡು ದಾರಿಗಳಲ್ಲಿ ಮಾಹಿತಿಯು ಹರಿದು ವೇಗವು ಹೆಚ್ಚುವದು. ಹಳೆಯ ಹಾರ್ಡ್ ಡಿಸ್ಕಿನ ಸ್ಥಳದಲ್ಲಿ ಎಸ್.ಎಸ್.ಡಿ.ಯನ್ನು ಕೂಡ್ರಿಸಿದರೆ ಕಾಣುವ ಚುರುಕು ಬೇರೆ ಯಾವ ವೆಚ್ಚದಿಂದಲೂ ಅಷ್ಟು ಸುಲಭವಾಗಿ ಬರಲಾರದು. ಇಷ್ಟಾಗಿಯೂ ಜನರು ಕೃಪಣತನ ತೋರಿಸುವದು ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೆಟ್ಟಿಗೆಯ ಮೇಲೆ. ಸೋವಿಯ ಪೆಟ್ಟಿಗೆಯು ಕೆಡುವಾಗ ತಾನೊಂದೇ ಕೆಡದೆ, ಸಾವಿರಾರು ರೂಪಾಯಿಗಳ ನೆರೆಹೊರೆಯನ್ನೂ ಸುಡಬಲ್ಲದು.

ಇನ್ನು ಓವರ್‌ಕ್ಲಾಕಿಂಗಿನ ಮಾತು. ಕಾರಖಾನೆಯು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನು ದುಡಿಸುವದೇ ಓವರ್‌ಕ್ಲಾಕಿಂಗು. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹವ್ಯಾಸಿಗಳು 300 ಮೆಗಾಹರ್ಟ್ಸಿನಿಂದ 450ಕ್ಕೆ ಏರಿಸಿದಾಗ ಈ ವಿದ್ಯೆಗೆ ದೊಡ್ಡ ಖ್ಯಾತಿಯು ಬಂದಿತು. ಆದರೆ ಆ ಕಾಲವು ಸಂದುಹೋಗಿದೆ. ಇಂದಿನ ಪ್ರೊಸೆಸರುಗಳು ತಾವಾಗಿಯೇ ತಮ್ಮ ಶಕ್ತಿಯ ಅಂಚಿನವರೆಗೆ ಓಡುವವು. ಉಳಿದ ಅಂತರವು ಅತ್ಯಲ್ಪ. ಆ ಅಲ್ಪಕ್ಕೆ ತೆರಬೇಕಾದ ಬೆಲೆಯೋ ದೊಡ್ಡದು. ವಿದ್ಯುತ್ತಿನ ವ್ಯಯವು ವೇಗದೊಡನೆ ನೇರವಾಗಿಯೂ, ವೋಲ್ಟೇಜಿನೊಡನೆ ಅದರ ವರ್ಗದಂತೆಯೂ ಏರುವದು. ವೇಗವನ್ನು ನೂರಕ್ಕೆ 10ರಷ್ಟು ಹೆಚ್ಚಿಸಲು ವೋಲ್ಟೇಜನ್ನೂ 10ರಷ್ಟು ಹೆಚ್ಚಿಸಬೇಕಾಗಿ ಬಂದರೆ, ಉಷ್ಣವು ಸುಮಾರು 33ರಷ್ಟು ಹೆಚ್ಚುವದು. ಹತ್ತರ ಲಾಭಕ್ಕೆ ಮೂವತ್ತಮೂರರ ದಂಡ! ಯಾವ ಸಾಹುಕಾರನೂ ಇಂಥ ಬಡ್ಡಿಯನ್ನು ಕೇಳಲಾರನು.

ಈ ಉಷ್ಣವು ನಮ್ಮ ಸೀಮೆಯಲ್ಲಿ ಎಲ್ಲಿಗೆ ಹೋಗಬೇಕು? ಬೇಸಗೆಯಲ್ಲಿ ಇಲ್ಲಿಯ ಉಷ್ಣಮಾನವು 40 ಡಿಗ್ರಿಯ ಸಮೀಪಕ್ಕೆ ಬರುವದು. ಎಷ್ಟೇ ದೊಡ್ಡ ಫ್ಯಾನಾಗಲಿ ಕೋಣೆಯ ಗಾಳಿಗಿಂತ ತಂಪಾಗಿ ಪ್ರೊಸೆಸರನ್ನು ಇಡಲಾರದು. ಅದರ ಮೇಲೆ ಧೂಳು. ವಿದ್ಯುತ್ತಿನ ಏರಿಳಿತ ಬೇರೆ. ಉಷ್ಣವು 95ರಿಂದ 100 ಡಿಗ್ರಿಯ ಹತ್ತಿರ ಬಂದೊಡನೆ ಇಂದಿನ ಅನೇಕ ಪ್ರೊಸೆಸರುಗಳು ಆತ್ಮರಕ್ಷಣೆಗಾಗಿ ತಾವೇ ವೇಗವನ್ನು ಇಳಿಸುವವು. ಓಡಿಸಹೋದವನು ನಡೆಸಿದಂತಾಯಿತು! ವೋಲ್ಟೇಜಿನ ಅತಿರೇಕವು ಎಂಥದೆಂಬುದನ್ನು ದೊಡ್ಡ ಕಂಪನಿಯೂ ಅನುಭವಿಸಿದೆ. ತನ್ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿರುವವೆಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಅವುಗಳ ವಾರಂಟಿಯನ್ನು ಎರಡು ವರುಷ ಹೆಚ್ಚಿಸಬೇಕಾಯಿತು.

ಹಾಗಾದರೆ ತರುಣರು ಈ ವಿದ್ಯೆಯನ್ನು ಮುಟ್ಟಲೇಬಾರದೆ? ನಮ್ಮ ಅಭಿಪ್ರಾಯವು ಹಾಗಿಲ್ಲ. ಕಲಿಯುವವನು ಹಳೆಯ ಯಂತ್ರದ ಮೇಲೆ ಕಲಿಯಲಿ. ಅಕ್ಟೋಬರ್ 2025ರಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲವು ನಿಂತುದರಿಂದ ಕಚೇರಿ ಅಂಗಡಿಗಳ ಎಷ್ಟೋ ಯಂತ್ರಗಳು ಮೂಲೆ ಸೇರುವ ಸ್ಥಿತಿಯಲ್ಲಿವೆ. ಅವುಗಳನ್ನು ಬಿಚ್ಚಿ ನೋಡಲಿ, ಮರಳಿ ಜೋಡಿಸಲಿ. ಎಲ್ಲ ಪ್ರೊಸೆಸರುಗಳಿಗೂ ಎಲ್ಲ ಬೋರ್ಡುಗಳಿಗೂ ಈ ಸೌಲಭ್ಯವಿಲ್ಲವೆಂಬುದನ್ನೂ, ಇದರಿಂದ ವಾರಂಟಿಗೆ ಧಕ್ಕೆ ಬರಬಹುದೆಂಬುದನ್ನೂ ಮೊದಲು ತಿಳಿಯಲಿ. ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ಪ್ರತಿ ಹೆಜ್ಜೆಗೂ ಉಷ್ಣವನ್ನು ಅಳೆದು, ತಾಸುಗಟ್ಟಲೆ ಪರೀಕ್ಷಿಸಲಿ. ಆದರೆ ನಮ್ಮ ಹವೆಗೆ ಒಪ್ಪುವ ವಿದ್ಯೆಯು ಇದಕ್ಕೆ ವಿಪರೀತವಾದದ್ದು: ವೇಗವನ್ನು ಇದ್ದಂತೆಯೇ ಇಟ್ಟು ವೋಲ್ಟೇಜನ್ನು ಎಚ್ಚರದಿಂದ ಇಳಿಸುವದು. ಇದರಿಂದ ಯಂತ್ರವು ತಣ್ಣಗಿರುವದು, ವಿದ್ಯುತ್ತು ಉಳಿಯುವದು. ಓವರ್‌ಕ್ಲಾಕಿಂಗಿಗಾಗಿ ಮೀಸಲಿಟ್ಟ ಹಣವನ್ನು ಒಳ್ಳೆಯ ಎಸ್.ಎಂ.ಪಿ.ಎಸ್.ಗೂ, ಯು.ಪಿ.ಎಸ್.ಗೂ, ಸರಿಯಾದ ಅರ್ಥಿಂಗಿಗೂ ವೆಚ್ಚ ಮಾಡುವವನೇ ಜಾಣನು.

1858ರಲ್ಲಿ ಬಾಬಾಸಾಹೇಬನು ಪರಸತ್ತೆಯನ್ನು ಎದುರಿಸಿ ನಿಂತ ನರಗುಂದವು ಈ ಸೀಮೆಯದು. 1905ರಲ್ಲಿ ಸಹಕಾರಿ ಸಂಘವನ್ನು ಕಟ್ಟಿ ದಾರಿ ತೋರಿದ ಕಣಗಿನಹಾಳವೂ ಈ ಗದಗ ಜಿಲ್ಹೆಯದೇ. ನಾಲ್ಕು ಜನ ತರುಣರು ಕೂಡಿ ಉಪಕರಣಗಳನ್ನು ಕೊಂಡು, ಶಾಲೆಯ ಮಕ್ಕಳ ಎದುರಿಗೆ ಒಂದು ಯಂತ್ರವನ್ನು ಬಿಚ್ಚಿ ಜೋಡಿಸಿ ತೋರಿಸಿದರೆ ಅದೂ ದೇಶಸೇವೆಯೇ ಸರಿ. ಪರರು ಮಾಡಿದ ಯಂತ್ರವನ್ನು ಪರರಿಗಿಂತ ವೇಗವಾಗಿ ಓಡಿಸುವದರಲ್ಲಿ ಹೆಚ್ಚಿನ ಕೀರ್ತಿಯಿಲ್ಲ. ಅದರ ಮರ್ಮವನ್ನು ಅರಿತವನೇ ನಾಳೆ ತನ್ನದನ್ನು ನಿರ್ಮಿಸಬಲ್ಲನು.