ಅಲಂಕಾರದ ಹೆಸರು ಗೊತ್ತಿದ್ದರೆ ಸಾಲದು

ಅಮೆರಿಕದ ಹೈಸ್ಕೂಲುಗಳಲ್ಲಿ ಹೆಚ್ಚಾಗಿ ಹನ್ನೊಂದನೆಯ ತರಗತಿಯವರು ಬರೆಯುವ ಪರೀಕ್ಷೆಯೊಂದಿದೆ: ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್. ಮಕ್ಕಳ ಬಾಯಲ್ಲಿ ಅದು ‘ಎಪಿ ಲ್ಯಾಂಗ್’. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಪ್ರತಿ ಮೇ ತಿಂಗಳು ಇದನ್ನು ನಡೆಸಿ 1ರಿಂದ 5ರವರೆಗೆ ಶ್ರೇಣಿ ಕೊಡುತ್ತದೆ. 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಕೆಲವು 4 ಅಥವಾ 5 ಕೇಳುತ್ತವೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಕ್ಯಾಲ್ಕುಲಸ್, ಭೌತಶಾಸ್ತ್ರ ಎಂದರೆ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸಬಲ್ಲರು. ಎಪಿ ಲ್ಯಾಂಗ್ ಎಂದಾಗ ಅವರ ಕೈಗೆ ಸಿಗುವುದು ಊರಿನಲ್ಲಿ ಎಸ್ಸೆಸ್ಸೆಲ್ಸಿಗೆ ಓದಿದ ನೆನಪು ಮಾತ್ರ: ಅಲಂಕಾರ, ಗಾದೆ ವಿಸ್ತರಣೆ, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಆ ನೆನಪಿನಿಂದಲೂ ಕೋಚಿಂಗ್ ಪುಸ್ತಕಗಳಿಂದಲೂ ಕೆಲವು ನಂಬಿಕೆಗಳು ಬೇರೂರಿವೆ. ಚೆನ್ನಾಗಿ ಯೋಚಿಸಬಲ್ಲ ಮಕ್ಕಳೂ ಅವುಗಳ ದೆಸೆಯಿಂದಲೇ ಸೊರಗಿದ ಪ್ರಬಂಧ ಬರೆಯುತ್ತಾರೆ ಎಂಬುದು ನನ್ನ ಕಳವಳ.

ಮೊದಲು ಪರೀಕ್ಷೆಯ ಸ್ವರೂಪ. ಒಟ್ಟು 3 ಗಂಟೆ 15 ನಿಮಿಷ. ಮೊದಲ ಒಂದು ಗಂಟೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು. ಅವಕ್ಕೆ ಶೇಕಡ 45ರಷ್ಟು ತೂಕ. ಉಳಿದ 2 ಗಂಟೆ 15 ನಿಮಿಷದಲ್ಲಿ ಮೂರು ಪ್ರಬಂಧಗಳು. ಅದರಲ್ಲಿ 15 ನಿಮಿಷ ಓದಿಕೊಳ್ಳುವುದಕ್ಕೆ, ಆಮೇಲೆ ಒಂದೊಂದಕ್ಕೆ ಸುಮಾರು 40 ನಿಮಿಷ. ಮೊದಲನೆಯದರಲ್ಲಿ ಕೊಟ್ಟ ಆಕರಗಳನ್ನು ಬಳಸಿ ವಾದ ಕಟ್ಟಬೇಕು. ಎರಡನೆಯದರಲ್ಲಿ ಯಾರದೋ ಭಾಷಣವನ್ನೋ ಪತ್ರವನ್ನೋ ತೆಗೆದುಕೊಂಡು ಅದು ಓದುಗರನ್ನು ಹೇಗೆ ಒಲಿಸಿಕೊಳ್ಳುತ್ತದೆ ಎಂದು ವಿಶ್ಲೇಷಿಸಬೇಕು. ಮೂರನೆಯದರಲ್ಲಿ ಒಂದು ವಿಚಾರದ ಬಗ್ಗೆ ಸ್ವಂತ ವಾದ ಮಂಡಿಸಬೇಕು. ಪ್ರತಿ ಪ್ರಬಂಧಕ್ಕೆ 6 ಅಂಕ: ನಿಲುವಿಗೆ 1, ಆಧಾರ ಮತ್ತು ಅದರ ವಿವರಣೆಗೆ 4, ಪ್ರೌಢತೆಗೆ 1. ಈ ಕೊನೆಯ ಸಾಲನ್ನು ಪ್ರತಿಯೊಂದು ಮನೆಯಲ್ಲೂ ಗೋಡೆಗೆ ಅಂಟಿಸಬೇಕು ಎನ್ನುವಷ್ಟು ಮುಖ್ಯ ಎಂದು ನಾನು ತಿಳಿದಿದ್ದೇನೆ. ಆರರಲ್ಲಿ ನಾಲ್ಕು ಅಂಕ ಇರುವುದು ಆಧಾರ ಮತ್ತು ವಿವರಣೆಯಲ್ಲಿ. ಇನ್ನು ಆ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

“ಇದು ಸಾಹಿತ್ಯದ ಪರೀಕ್ಷೆ, ಕಾದಂಬರಿಗಳನ್ನು ಓದಿಸಬೇಕು.”

ಅಲ್ಲ. ಕಾದಂಬರಿ, ಕವಿತೆ, ನಾಟಕಗಳಿಗೆ ಎಪಿ ಲಿಟರೇಚರ್ ಎಂಬ ಬೇರೆ ಪರೀಕ್ಷೆ ಇದೆ. ಇಲ್ಲಿ ಬರುವುದು ಭಾಷಣ, ಪತ್ರ, ಲೇಖನ, ಆತ್ಮಕಥೆಯ ಭಾಗ. ಬೇಸಿಗೆ ರಜೆಯಲ್ಲಿ ಒಂದು ದಪ್ಪ ಕಾದಂಬರಿಯ ಬದಲು ಪತ್ರಿಕೆಗಳ ಸಂಪಾದಕೀಯ ಪುಟ ಓದಿದರೆ ಈ ಪರೀಕ್ಷೆಗೆ ಹೆಚ್ಚು ಉಪಯೋಗ.

“ಅಲಂಕಾರಗಳನ್ನು ಗುರುತಿಸಿದಷ್ಟೂ ಅಂಕ.”

ನಮ್ಮವರಲ್ಲಿ ಅತ್ಯಂತ ಆಳವಾಗಿ ಬೇರೂರಿರುವ ನಂಬಿಕೆ ಇದು, ಮತ್ತು ಅದಕ್ಕೆ ಕಾರಣವೂ ಇದೆ. ಉಪಮೇಯ ಯಾವುದು, ಉಪಮಾನ ಯಾವುದು, ಉಪಮಾವಾಚಕ, ಸಮಾನಧರ್ಮ, ಕೊನೆಗೆ ಸಮನ್ವಯ ಎಂದು ಬರೆದರೆ ನಮ್ಮ ಶಾಲೆಗಳಲ್ಲಿ ಪೂರ್ತಿ ಅಂಕ ಸಿಗುತ್ತಿತ್ತು. ಅಲ್ಲಿನ ಮಕ್ಕಳಿಗೂ ಕೋಚಿಂಗ್ ಪುಸ್ತಕಗಳು ಗ್ರೀಕ್ ಹೆಸರುಗಳ ಉದ್ದನೆಯ ಪಟ್ಟಿ ಕೊಡುತ್ತವೆ. ಮಗು ಪಟ್ಟಿಯನ್ನು ಬಾಯಿಪಾಠ ಮಾಡಿ, ಇಲ್ಲಿ ಅನಾಫೊರಾ ಇದೆ, ಅಲ್ಲಿ ರೂಪಕ ಇದೆ ಎಂದು ಬರೆದು ಬರುತ್ತದೆ. ಇಷ್ಟಕ್ಕೇ ನಿಂತ ಪ್ರಬಂಧ ಆ ನಾಲ್ಕು ಅಂಕಗಳಲ್ಲಿ ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತದೆ. ಬರಹಗಾರ ಮಾಡಿಕೊಂಡ ಒಂದಕ್ಕಿಂತ ಹೆಚ್ಚು ಆಯ್ಕೆಗಳು ಅವನ ಉದ್ದೇಶಕ್ಕೆ ಹೇಗೆ ನೆರವಾದವು ಎಂದು ವಿವರಿಸಿದಾಗಲೇ ನಾಲ್ಕೂ ಅಂಕ.

2019ರ ಪ್ರಶ್ನೆಪತ್ರಿಕೆಯನ್ನೇ ನೋಡಿ. ವಿಶ್ಲೇಷಣೆಗೆ ಕೊಟ್ಟಿದ್ದು 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು ಗಾಂಧೀಜಿ ವೈಸರಾಯ್ ಲಾರ್ಡ್ ಇರ್ವಿನ್‌ಗೆ ಬರೆದ ಪತ್ರದ ಕೊನೆಯ ಭಾಗ. ಮಾರ್ಚ್ 2ರಂದು ಪತ್ರ ಬರೆದರು, 12ರಂದು ಸಾಬರಮತಿಯಿಂದ ಹೊರಟರು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಆ ಪತ್ರದಲ್ಲಿ ಹೊಳೆಯುವ ಅಲಂಕಾರಗಳು ಕಡಿಮೆ. ಪಟ್ಟಿ ಹಿಡಿದು ಹೋದ ವಿದ್ಯಾರ್ಥಿಗೆ ಬರೆಯಲು ಏನೂ ಸಿಗದೆ ಕೈ ಕಟ್ಟಿಹೋಗುತ್ತದೆ. ಆದರೆ ಆಯ್ಕೆಗಳು ಎಷ್ಟೊಂದಿವೆ! ಆಳುವವನನ್ನು ಮಿತ್ರನೆಂದು ಕರೆಯುತ್ತಾರೆ. ಕಾನೂನು ಮುರಿಯುವ ದಿನವನ್ನು ತಾವೇ ಮೊದಲೇ ತಿಳಿಸುತ್ತಾರೆ. ನನ್ನನ್ನು ಬಂಧಿಸುವ ಅಧಿಕಾರ ನಿಮಗಿದೆ ಎಂದು ತಾವೇ ಒಪ್ಪಿಕೊಳ್ಳುತ್ತಾರೆ. ಇದು ಬೆದರಿಕೆಯಲ್ಲ, ನನ್ನ ಕರ್ತವ್ಯ ಎನ್ನುತ್ತಾರೆ. ಪತ್ರವನ್ನು ಅಂಚೆಗೆ ಹಾಕದೆ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನ ಕೈಯಲ್ಲೇ ಕಳಿಸುತ್ತಾರೆ.

ಪ್ರಶ್ನೆ ಹುಟ್ಟುವುದು ಇಲ್ಲಿ. ದಿನ ತಿಳಿಸಿದ್ದು ಯಾಕೆ? ಗುಟ್ಟಾಗಿ ನಡೆಯುವ ಬಂಡಾಯವನ್ನು ಅಪರಾಧವೆಂದು ಹತ್ತಿಕ್ಕುವುದು ಸರ್ಕಾರಕ್ಕೆ ಸುಲಭ. ಬಹಿರಂಗವಾಗಿ, ದಿನ ಹೇಳಿ, ಶಿಕ್ಷೆಗೆ ಸಿದ್ಧನಾಗಿ ನಿಂತವನನ್ನು ಬಂಧಿಸಿದರೆ ನೈತಿಕ ಹೊರೆ ಬಂಧಿಸಿದವನ ಮೇಲೆ ಬೀಳುತ್ತದೆ. ಅದರ ಪಕ್ಕದಲ್ಲೇ ಬೆದರಿಕೆಯಲ್ಲ ಎಂಬ ವಿನಯವನ್ನು ಇಟ್ಟು ನೋಡಬೇಕು. ವೈಸರಾಯ್ ಕೋಪಗೊಳ್ಳಲು ಕಾರಣವೇ ಸಿಗದಂತೆ ಮಾಡಿ, ಒಪ್ಪು ಅಥವಾ ಬಂಧಿಸು ಎಂಬ ಎರಡೇ ದಾರಿ ಉಳಿಸುವ ಬರವಣಿಗೆ ಅದು. ಅಧಿಕಾರಿಗೆ ಬರೆದ ಕಾಗದವಾದರೂ ಅದರ ಹಿಂದೆ ಜಗತ್ತೇ ಓದುಗನಾಗಿ ನಿಂತಿತ್ತು ಎಂಬುದನ್ನು ಗುರುತಿಸಿದ ವಿದ್ಯಾರ್ಥಿ ಪ್ರೌಢತೆಯ ಆರನೆಯ ಅಂಕದ ಹತ್ತಿರ ಬಂದ ಹಾಗೆ. ಇಷ್ಟನ್ನೂ ಬರೆಯಲು ಒಂದೇ ಒಂದು ಗ್ರೀಕ್ ಹೆಸರು ಬೇಕಾಗಲಿಲ್ಲ.

ನಮ್ಮ ಕಾವ್ಯಮೀಮಾಂಸೆಯಲ್ಲೇ ಇದಕ್ಕೆ ನೆಲೆಯಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಅಲಂಕಾರಕ್ಕಿಂತ ಔಚಿತ್ಯ ದೊಡ್ಡದು ಎಂದು ವಾದಿಸಿದ. ತಕ್ಕ ಜಾಗದಲ್ಲಿದ್ದರೆ ಮಾತ್ರ ಅಲಂಕಾರ ಅಲಂಕಾರವಾಗುತ್ತದೆ ಎಂಬುದು ಅವನ ನಿಲುವು. ಎಸ್ಸೆಸ್ಸೆಲ್ಸಿಯ ಅಲಂಕಾರ ಪಾಠ ಮಾತ್ರ ನೆನಪಿರುವ ಅಪ್ಪ ಅಮ್ಮಂದಿರು ಮಗುವಿನ ಮುಂದೆ ಇಡಬೇಕಾದ ಪ್ರಶ್ನೆ ಅದೇ: ಯಾರಿಗೆ ಹೇಳಿದ್ದು, ಯಾವ ಹೊತ್ತಿನಲ್ಲಿ, ಬೇರೆ ರೀತಿ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು? ಈ ಮೂರನ್ನು ಕನ್ನಡದಲ್ಲೇ ಮಾತಾಡಿಕೊಂಡರೂ ಸಾಕು. ಯೋಚನೆ ಸಿದ್ಧವಾದ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಆ ಮಕ್ಕಳಿಗೆ ಕಷ್ಟವಲ್ಲ.

ಅಲಂಕಾರ ಪಟ್ಟಿಯ ನಂಬಿಕೆಯದೇ ಇನ್ನೊಂದು ರೂಪ ಎಥೋಸ್, ಪೇಥೋಸ್, ಲೋಗೋಸ್. ಮಾತಾಡುವವನ ವಿಶ್ವಾಸಾರ್ಹತೆ, ಕೇಳುಗರ ಭಾವನೆ, ತರ್ಕ ಎಂದು ಅರಿಸ್ಟಾಟಲ್ ವಿಂಗಡಿಸಿದ್ದು ಒಳ್ಳೆಯ ಕನ್ನಡಕವೇ ಸರಿ. ಆದರೆ ಒಂದೊಂದಕ್ಕೆ ಒಂದು ಪ್ಯಾರಾ ಬರೆಯಬೇಕೆಂಬ ನಿಯಮ ಎಲ್ಲೂ ಇಲ್ಲ. ಗಾಂಧೀಜಿ ಪತ್ರದಲ್ಲಿ ದಿನ ತಿಳಿಸಿದ ಒಂದೇ ಮಾತು ವಿಶ್ವಾಸವನ್ನೂ ತರ್ಕವನ್ನೂ ಒಟ್ಟಿಗೆ ಹೊತ್ತಿದೆ. ಅದನ್ನು ಮೂರು ಡಬ್ಬಿಗಳಲ್ಲಿ ಹಂಚುವುದು ಹೇಗೆ?

“ಹಿನ್ನೆಲೆ ಗೊತ್ತಿದ್ದವರಿಗೆ ಹೆಚ್ಚು ಅಂಕ.”

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ದಂಡಿಯವರೆಗೆ ಗಾಂಧೀಜಿಯ ಜೊತೆ ನಡೆದದ್ದು, ಅದೇ ಏಪ್ರಿಲ್ಲಿನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಜನ ಉಪ್ಪಿನ ಕಾನೂನು ಮುರಿದದ್ದು ನಮ್ಮ ಮನೆಯ ಮಗುವಿಗೆ ಗೊತ್ತಿರಬಹುದು, ಗೊತ್ತಿರಲಿ. ಅದನ್ನೆಲ್ಲ ವಿಶ್ಲೇಷಣೆಯ ಪ್ರಬಂಧದಲ್ಲಿ ಸುರಿದರೆ ಅಂಕ ಬರುವುದಿಲ್ಲ, ಸಮಯ ಹೋಗುತ್ತದೆ. ಉಪ್ಪಿನ ತೆರಿಗೆ ಬಡವನ ಗಂಜಿಗೂ ತಟ್ಟುತ್ತಿತ್ತು ಎಂಬ ಅರಿವು ಪತ್ರದ ತೂಕವನ್ನು ಅಳೆಯಲು ನೆರವಾಗುತ್ತದೆ. ಅಷ್ಟರಮಟ್ಟಿಗೆ ಅದು ಲಾಭ. ಬರೆಯಬೇಕಾದದ್ದು ಕಣ್ಣ ಮುಂದಿನ ಪಠ್ಯದ ಬಗ್ಗೆ.

“ಐದು ಪ್ಯಾರಾ ಇರಲೇಬೇಕು, ಉದ್ದವಾಗಿರಬೇಕು, ದೊಡ್ಡ ಪದಗಳಿರಬೇಕು, ಒಂದೂ ತಪ್ಪಿರಬಾರದು.”

ಪ್ಯಾರಾಗಳ ಸಂಖ್ಯೆಯ ಬಗ್ಗೆ ಅಂಕಸೂಚಿ ಮಾತಾಡುವುದಿಲ್ಲ. ನಿಲುವು ಕೂಡ ಮೊದಲ ಪ್ಯಾರಾದ ಕೊನೆಯ ವಾಕ್ಯದಲ್ಲೇ ಇರಬೇಕೆಂದಿಲ್ಲ, ಪ್ರಬಂಧದಲ್ಲಿ ಎಲ್ಲಿದ್ದರೂ ಪರಿಗಣಿಸುತ್ತಾರೆ. ಆದರೆ ಅದು ನಿಲುವಾಗಿರಬೇಕು. ಗಾಂಧಿ ತಮ್ಮ ವಾದ ಮಂಡಿಸಲು ಹಲವು ತಂತ್ರಗಳನ್ನು ಬಳಸಿದ್ದಾರೆ ಎಂದು ಬರೆದರೆ ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತೆ. ಆ ಒಂದು ಅಂಕ ಹೋಯಿತು.

ಉದ್ದದ ನಂಬಿಕೆಗೆ ಒಂದು ಚರಿತ್ರೆ ಇದೆ. 2005ರಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ 25 ನಿಮಿಷದ ಪ್ರಬಂಧ ಸೇರಿತು. ಎಂಐಟಿಯ ಲೆಸ್ ಪೆರೆಲ್ಮನ್ ಪ್ರಕಟವಾದ ಮಾದರಿ ಉತ್ತರಗಳನ್ನು ಪರಿಶೀಲಿಸಿ, ಉದ್ದಕ್ಕೂ ಅಂಕಕ್ಕೂ ಬಲವಾದ ನಂಟಿದೆ, ಸಂಗತಿ ತಪ್ಪಿದ್ದರೂ ಅಂಕ ಕಳೆಯುವುದಿಲ್ಲ ಎಂದು ಬಯಲಿಗೆಳೆದರು. ಆ ಪ್ರಬಂಧ 2016ರಲ್ಲಿ ಐಚ್ಛಿಕವಾಯಿತು, 2021ರಲ್ಲಿ ಬಹುತೇಕ ನಿಂತೇಹೋಯಿತು. ಪರೀಕ್ಷೆ ಹೋದರೂ ಅದು ಬಿಟ್ಟ ನಂಬಿಕೆ ಅಣ್ಣನಿಂದ ತಂಗಿಗೆ ದಾಟಿಕೊಂಡು ಎಪಿ ಲ್ಯಾಂಗಿಗೂ ಬಂದಿದೆ. ಎಪಿಯ ಪ್ರಬಂಧಗಳಿಗೆ 2020ರಿಂದ ಈಗಿನ 6 ಅಂಕದ ಸೂಚಿ ಜಾರಿಯಲ್ಲಿದೆ. ಅದಕ್ಕೆ ಮೊದಲು ಇಡೀ ಪ್ರಬಂಧವನ್ನು ಒಟ್ಟಾಗಿ ನೋಡಿ 9ಕ್ಕೆ ಅಂಕ ಕೊಡುತ್ತಿದ್ದರು. ಮನೆಯಲ್ಲಿ ಹಳೆಯ ತಯಾರಿ ಪುಸ್ತಕವಿದ್ದರೆ ಅದನ್ನು ಪಕ್ಕಕ್ಕಿಡಿ.

ಪದಗಳ ವಿಷಯದಲ್ಲಿ ಅಂಕಸೂಚಿ ಸ್ಪಷ್ಟ: ವಾದಕ್ಕೆ ಬಲ ಕೊಡದ ಜಟಿಲ ಭಾಷೆಗೆ ಪ್ರೌಢತೆಯ ಅಂಕವಿಲ್ಲ. ವ್ಯಾಕರಣದ ತಪ್ಪು ಅರ್ಥಕ್ಕೇ ಅಡ್ಡಬಂದರೆ ಆಧಾರದ ನಾಲ್ಕನೆಯ ಅಂಕ ಸಿಗುವುದಿಲ್ಲ. ಅವಸರದಲ್ಲಿ ನುಸುಳಿದ ಕಾಗುಣಿತದ ತಪ್ಪಿಗೆ ಯಾರೂ ಅಂಕ ಕಳೆಯುವುದಿಲ್ಲ. ಜೂನ್ ತಿಂಗಳಲ್ಲಿ ಮೌಲ್ಯಮಾಪನಕ್ಕೆ ಕೂರುವ ಹೈಸ್ಕೂಲ್ ಶಿಕ್ಷಕರಿಗೂ ಕಾಲೇಜಿನ ಅಧ್ಯಾಪಕರಿಗೂ ಇದು ನಲವತ್ತು ನಿಮಿಷದ ಮೊದಲ ಕರಡು ಎಂಬುದು ಗೊತ್ತಿದೆ.

“ಆರು ಆಕರಗಳನ್ನೂ ಸಂಕ್ಷೇಪಿಸಿದರೆ ಮೊದಲ ಪ್ರಬಂಧ ಮುಗಿಯಿತು.”

ಕನಿಷ್ಠ ಮೂರನ್ನು ಬಳಸಿದರೆ ಸಾಕು. ಆದರೆ ಬಳಸುವುದು ಬೇರೆ, ಸಂಕ್ಷೇಪಿಸುವುದು ಬೇರೆ. 2019ರಲ್ಲಿ ಗಾಳಿ ವಿದ್ಯುತ್ ಸ್ಥಾವರ ಸ್ಥಾಪಿಸುವ ಮೊದಲು ಯಾವ ಅಂಶಗಳನ್ನು ಪರಿಗಣಿಸಬೇಕು ಎಂಬ ವಿಷಯ ಬಂದಿತ್ತು. ಮೊದಲ ಆಕರ ಹೀಗೆ ಹೇಳುತ್ತದೆ, ಎರಡನೆಯದು ಹಾಗೆ ಹೇಳುತ್ತದೆ ಎಂದು ಸಾಗಿದರೆ ವಿದ್ಯಾರ್ಥಿಯ ದನಿಯೇ ಕೇಳಿಸುವುದಿಲ್ಲ. ಮೊದಲು ನಿಲುವು ತಳೆಯಬೇಕು. ಆಮೇಲೆ ಒಂದು ಆಕರದ ಅಂಕಿಅಂಶದಿಂದ ಇನ್ನೊಂದರ ಆಕ್ಷೇಪಕ್ಕೆ ಉತ್ತರ ಕೊಡಬೇಕು, ಒಪ್ಪದ ಆಕರವನ್ನೂ ಎಳೆದು ತಂದು ಎಷ್ಟರಮಟ್ಟಿಗೆ ಅದು ಸರಿ ಎಂದು ತೂಗಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ರಜೆಯಲ್ಲಿ ನೋಡಿದ ಮಗು ಆ ನೋಟವನ್ನೂ ಒಂದು ವಾಕ್ಯದಲ್ಲಿ ಸೇರಿಸಬಹುದು.

“ಉದಾಹರಣೆ ಅಮೆರಿಕದ್ದೇ ಆಗಿರಬೇಕು.”

ಇದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಮೂರನೆಯ ಪ್ರಬಂಧಕ್ಕೆ ಓದು, ಅನುಭವ, ಕಂಡದ್ದು, ಯಾವುದೂ ಆಧಾರವಾಗಬಹುದು. ಆದರೂ ನಮ್ಮ ಮಕ್ಕಳು ತಮ್ಮ ಮನೆಯ ಲೋಕವನ್ನು ಬಾಗಿಲಾಚೆ ಬಿಟ್ಟು, ಎಲ್ಲರೂ ಬರೆಯುವ ಮಾರ್ಟಿನ್ ಲೂಥರ್ ಕಿಂಗ್, ಎಲ್ಲರೂ ಬರೆಯುವ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಹಿಡಿಯುತ್ತಾರೆ. 2019ರ ಪ್ರಶ್ನೆ, ಯೋಗ್ಯತೆಗಿಂತ ಹೆಚ್ಚು ಮನ್ನಣೆ ಪಡೆದಿದೆ ಎಂದು ನಿಮಗೆ ಅನಿಸುವ ಯಾವುದಾದರೂ ಒಂದನ್ನು ಆರಿಸಿ ನಿಮ್ಮ ತೀರ್ಮಾನವನ್ನು ವಿವರಿಸಿ ಎಂಬುದು. ಶಾಲೆಯ ಪದವಿಗೆ ಅತಿಯಾದ ಮನ್ನಣೆ ಇದೆ ಎಂದು ವಾದಿಸುವ ಹುಡುಗಿ, ಶಾಲೆ ಕಾಣದೆಯೇ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಆಲದ ಸಾಲು ಬೆಳೆಸಿ 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನನ್ನು ಯಾಕೆ ತರಬಾರದು? ಮೌಲ್ಯಮಾಪಕರಿಗೆ ತಿಮ್ಮಕ್ಕ ಗೊತ್ತಿರಬೇಕಾಗಿಲ್ಲ. ಎರಡು ವಾಕ್ಯದಲ್ಲಿ ಪರಿಚಯಿಸಿ, ಆ ಬದುಕು ತನ್ನ ವಾದಕ್ಕೆ ಹೇಗೆ ಆಧಾರ ಎಂದು ಬಿಡಿಸಿ ಹೇಳಿದರಾಯಿತು. ತಾನು ಬಲ್ಲದ್ದನ್ನು ಬರೆಯುವವರ ವಿವರಣೆಗೆ ಬರುವ ನಿಖರತೆ ಎರವಲು ಉದಾಹರಣೆಗೆ ಬರುವುದಿಲ್ಲ.

ಬಹು ಆಯ್ಕೆಯ ವಿಭಾಗದ ಬಗ್ಗೆ ಒಂದೇ ಮಾತು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ 2011ರಲ್ಲೇ ಹೋಗಿದೆ. ಒಂದನ್ನೂ ಖಾಲಿ ಬಿಡಬಾರದು. 2025ರಿಂದ ಐದರ ಬದಲು ನಾಲ್ಕು ಆಯ್ಕೆಗಳಿವೆ, ಇಡೀ ಪರೀಕ್ಷೆ ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ ನಡೆಯುತ್ತದೆ.

“ಬರವಣಿಗೆ ಹುಟ್ಟಿನಿಂದ ಬರಬೇಕು, ಇಲ್ಲದಿದ್ದರೆ ಮಾದರಿ ಪ್ರಬಂಧ ಬಾಯಿಪಾಠವೇ ಗತಿ.”

ಬಾಯಿಪಾಠದ ಪ್ರಬಂಧ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಪ್ರಶ್ನೆ ಪ್ರತಿ ವರ್ಷ ಹೊಸದು. ಅಭ್ಯಾಸದ ಸಾಮಗ್ರಿ ಮಾತ್ರ ಹೇರಳ. ಹಿಂದಿನ ವರ್ಷಗಳ ಪ್ರಬಂಧದ ಪ್ರಶ್ನೆಗಳನ್ನೂ, ವಿದ್ಯಾರ್ಥಿಗಳು ಬರೆದ ನಿಜವಾದ ಉತ್ತರಗಳನ್ನೂ, ಅವಕ್ಕೆ ಯಾಕೆ ಅಷ್ಟು ಅಂಕ ಬಂತೆಂಬ ಟಿಪ್ಪಣಿಯನ್ನೂ ಕಾಲೇಜ್ ಬೋರ್ಡ್ ಉಚಿತವಾಗಿ ಪ್ರಕಟಿಸುತ್ತದೆ. ವಾರಕ್ಕೊಂದು ಪ್ರಶ್ನೆ ಸಾಕು. ನಲವತ್ತು ನಿಮಿಷ ಗಡಿಯಾರ ಇಟ್ಟುಕೊಂಡು ಕೀಲಿಮಣೆಯಲ್ಲೇ ಬರೆಯಬೇಕು. ಮರುದಿನ ಅಂಕಸೂಚಿ ಹಿಡಿದು ತಾನೇ ಅಂಕ ಹಾಕಿಕೊಳ್ಳಬೇಕು, ಆಮೇಲೆ ಟಿಪ್ಪಣಿ ಓದಬೇಕು. ಕೊನೆಗೆ ಇಡೀ ಪ್ರಬಂಧವನ್ನು ತಿದ್ದುವ ಬದಲು ಅತ್ಯಂತ ದುರ್ಬಲವಾದ ಒಂದು ಪ್ಯಾರಾವನ್ನು ಆರಿಸಿ, ಪ್ರತಿ ಆಧಾರದ ಮುಂದೆ ‘ಅದರಿಂದ ಏನಾಯಿತು’ ಎಂಬ ಪ್ರಶ್ನೆ ಇಟ್ಟು, ಉತ್ತರ ಬರುವವರೆಗೆ ಮತ್ತೆ ಬರೆಯಬೇಕು. ಈ ಮರುಬರವಣಿಗೆಯಲ್ಲೇ ಆಧಾರದ ಎರಡು ಅಂಕ ಮೂರಕ್ಕೂ, ಮೂರು ನಾಲ್ಕಕ್ಕೂ ಏರುತ್ತದೆ.