ಲೋಡು ಬಿದ್ದಾಗಿನ ದನಿ

ಡಿಸೆಂಬರಿನ ಸಂಜೆ ಮೂಡಲಗಿಯ ರಸ್ತೆಗಿಳಿದರೆ ಮೊದಲು ಮೂಗಿಗೆ ಹಸಿ ಕಬ್ಬು, ಆಮೇಲೆ ಕಿವಿಗೆ ಟ್ರ್ಯಾಕ್ಟರು. ಒಂದರ ಹಿಂದೊಂದು ಎರಡು ಡಬ್ಬಿ ಕಟ್ಟಿಕೊಂಡು, ರಸ್ತೆಯ ಅರ್ಧ ಅಗಲ ನುಂಗಿ, ಇಕ್ಕೆಲದ ಬೇವಿನ ಟೊಂಗೆಗಳಿಗೆ ರವದಿಯ ಎಳೆಗಳನ್ನು ಸಿಕ್ಕಿಸುತ್ತ ಅವು ಸಕ್ಕರೆ ಕಾರ್ಖಾನೆಯ ಕಡೆ ಹೊರಟಿರುತ್ತವೆ. ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಹಾಡು. ಹಾಡಿನ ಅಡಿಯಲ್ಲಿ ಇಂಜಿನ್ನು. ಕಾಲುವೆಯ ಸೇತುವೆಗೆ ರಸ್ತೆ ತುಸು ಏರುವಲ್ಲಿ ಒಂದು ಗ್ಯಾರೇಜಿದೆ. ಅದರ ಮುಂದಿನ ಬೆಂಚಿನ ಮೇಲೆ ಕೂತರೆ ಈ ದನಿ ಚೆನ್ನಾಗಿ ಕೇಳುತ್ತದೆ. ಏರು ಹತ್ತಿತೆಂದರೆ ಇಂಜಿನ್ನಿನ ಸ್ವರ ಒಂದು ಕ್ಷಣ ಕುಗ್ಗುತ್ತದೆ, ಸೈಲೆನ್ಸರಿನ ಬಾಯಿಂದ ಒಂದು ಮುಷ್ಟಿ ಕರಿ ಹೊಗೆ ಹಾರುತ್ತದೆ, ಸ್ವರ ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ಚಾಲಕನ ಕಾಲು ಅಲುಗಿರುವುದಿಲ್ಲ. ಸ್ಟೇರಿಂಗಿನ ಪಕ್ಕದ ಕೈ ಹಿಡಿಕೆಯನ್ನು ಅವನು ಊರು ಬಿಡುವಾಗ ಎಲ್ಲಿಟ್ಟಿದ್ದನೋ ಅಲ್ಲೇ ಇದೆ.

'ಕೇಳಿದ್ರೇನು? ಗವರ್ನರ್ ಹಿಡೀತು' ಎಂದರು ಮೇಸ್ತ್ರಿ.

ಅವರ ಮುಂದೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಅದೇ ಗವರ್ನರು ಬಿಚ್ಚಿ ಬಿದ್ದಿತ್ತು. ಎರಡು ಪುಟ್ಟ ತೂಕ, ಒಂದು ಸ್ಪ್ರಿಂಗು, ಒಂದು ಸನ್ನೆ. ಇಂಜಿನ್ನು ಜೋರಾಗಿ ತಿರುಗಿದಷ್ಟೂ ತೂಕಗಳು ಹೊರಕ್ಕೆ ಹರಡಿ ಡೀಸೆಲ್ಲಿನ ಬಾಗಿಲನ್ನು ಕಿರಿದು ಮಾಡುತ್ತವೆ. ಲೋಡು ಬಿದ್ದು ತಿರುಗಣಿ ನಿಧಾನವಾದರೆ ಒಳಕ್ಕೆ ಮಡಚಿಕೊಂಡು ಬಾಗಿಲು ತೆರೆಯುತ್ತವೆ. ನನ್ನ ಬಾಲ್ಯದ ಹಿಟ್ಟಿನ ಗಿರಣಿಯಲ್ಲೂ ಇದೇ ಇತ್ತು. ಅವ್ವ ಜೋಳದ ಪುಟ್ಟಿ ಸುರಿಯುತ್ತಲೇ ಹೊಗೆ ಕೊಳವೆಯ ತುದಿಯ 'ಕುಕ್ ಕುಕ್' ಎರಡು ಸಲ ತಡವರಿಸಿ ಮತ್ತೆ ತಾಳಕ್ಕೆ ಬರುತ್ತಿತ್ತು. ಜೇಮ್ಸ್ ವ್ಯಾಟ್ 1788ರಲ್ಲಿ ಈ ತಿರುಗುವ ಗುಂಡುಗಳನ್ನು ಉಗಿಯಂತ್ರಕ್ಕೆ ಕೂರಿಸಿದ. ಅದಕ್ಕೂ ಮೊದಲು ಅವು ಗಾಳಿಯಂತ್ರಗಳಲ್ಲಿ ಬೀಸುವ ಕಲ್ಲುಗಳ ನಡುವಿನ ಅಂತರ ಕಾಯುತ್ತಿದ್ದವು. ಹಿಟ್ಟಿನ ಗಿರಣಿಯಿಂದ ಹೊರಟ ಉಪಾಯ ಮತ್ತೆ ಹಿಟ್ಟಿನ ಗಿರಣಿಗೆ, ನಮ್ಮೂರಿನದಕ್ಕೆ, ಬಂದು ಸೇರಿತ್ತು.

ನಾನು ಅಲ್ಲಿಗೆ ಹೋಗಿದ್ದು ಫೋನಿನಲ್ಲಿದ್ದ ಒಂದು ವಿಡಿಯೊ ತೋರಿಸಲಿಕ್ಕೆ. ನನ್ನ ಅಕ್ಕನ ಮಗ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದಾನೆ. ಗೆಳೆಯರಿಬ್ಬರ ಜೊತೆ ಸೇರಿ ಹಳೆಯದೊಂದು ಜೆಟ್ ದೋಣಿ ಕೊಂಡಿದ್ದಾನೆ. ಅಲ್ಲಿ ಈಗ ಬೇಸಿಗೆ. ರಜೆಯ ದಿನ ಸರೋವರಕ್ಕೆ ಹೋಗಿ, ದೋಣಿಯ ಹಿಂದೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಗಾಳಿ ತುಂಬಿದ ದೊಡ್ಡ ಟ್ಯೂಬು ಬಿಟ್ಟು ಮಕ್ಕಳನ್ನು ಎಳೆಯುತ್ತಾರೆ. ಮಕ್ಕಳು ಒಂದು ಬದಿಗೆ ವಾಲಿ ಟ್ಯೂಬನ್ನು ಹೊರಕ್ಕೆ ತೂಗಿದರೆ ದೋಣಿ ಹಿಂಜರಿಯುತ್ತದೆ. ಇವನು ಹಿಡಿಕೆ ಒತ್ತುತ್ತಾನೆ. ಅಷ್ಟರಲ್ಲಿ ಟ್ಯೂಬು ಒಳಕ್ಕೆ ಬಂದು ಹಗ್ಗ ಸಡಿಲಾಗಿ ದೋಣಿ ಜಿಗಿಯುತ್ತದೆ. ಒಂದು ಕಣ್ಣು ಮುಂದಿನ ನೀರಿನ ಮೇಲೆ, ಒಂದು ಕಣ್ಣು ವೇಗದ ಮುಳ್ಳಿನ ಮೇಲೆ, ಮನಸ್ಸು ಹಿಂದಿನ ಮಕ್ಕಳ ಮೇಲೆ. ಕ್ರೂಸ್ ಕಂಟ್ರೋಲ್ ಕೂರಿಸಬೇಕೆಂದು ಅವನ ಆಸೆ. 'ಮಾಮಾ, ಮೂಡಲಗಿ ಮೇಸ್ತ್ರಿಯವರಿಗೆ ಒಮ್ಮೆ ತೋರಿಸು' ಎಂದಿದ್ದ. ಶಾಲೆಯ ಸೂಟಿಯಲ್ಲೆಲ್ಲ ಅವನು ಪಾನಾ ಹಿಡಿದು ಬೆಳೆದದ್ದು ಇದೇ ಬೆಂಚಿನ ಪಕ್ಕ.

ಮೇಸ್ತ್ರಿ ಒಮ್ಮೆ ನೋಡಿದರು. 'ಪಂಖಾ ಎಲ್ಲೈತ್ರಿ ಇದಕ್ಕ?'

ಪಂಖ ಹೊರಗಿಲ್ಲ ಎಂದೆ. ದೋಣಿಯ ಅಡಿಯಲ್ಲಿ ಜಾಳಿಗೆಯಿರುವ ಒಂದು ಬಾಯಿ; ಒಳಗೆ ಚಕ್ರ; ಹಿಂದೆ ಕಿರಿದಾದ ಕೊಳವೆ. ಕೆಳಗಿನಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸುತ್ತದೆ. ಚಿಮ್ಮುವ ಬಾಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೆ ದೋಣಿ ತಿರುಗುತ್ತದೆ. ಚುಕ್ಕಾಣಿಯೆಂದು ಬೇರೆ ಇಲ್ಲ.

'ಅಂದ್ರ ಪಂಪ್‌ಸೆಟ್ಟ ಆತಲ್ರಿ!'

ಎಷ್ಟು ಸರಿ. ನೀರನ್ನು ಎಸೆಯುವ ಬದಲು ತನ್ನನ್ನೇ ಎಸೆದುಕೊಳ್ಳುವ ಪಂಪ್‌ಸೆಟ್ಟು. ಹತ್ತು ಎಚ್‌ಪಿ ಮೋಟಾರಿನ ಪೈಪಿನ ತುದಿಯನ್ನು ಬರಿಗೈಯಲ್ಲಿ ಹಿಡಿದು ಕಬ್ಬಿನ ಸಾಲಿಗೆ ತಿರುಗಿಸಿದವರಿಗೆ ಆ ಒದೆತ ಗೊತ್ತು. ನೀರು ಮುಂದಕ್ಕೆ ಹಾರಿದರೆ ಪೈಪು ಎದೆಗೆ ಗುದ್ದುತ್ತದೆ, ಕೆಸರಿನಲ್ಲಿ ಹಿಮ್ಮಡಿ ಊರಿ ನಿಲ್ಲಬೇಕಾಗುತ್ತದೆ. ಆ ಹಿಮ್ಮಡಿಯನ್ನು ಎತ್ತಿಬಿಟ್ಟರೆ ಅದೇ ಜೆಟ್ ದೋಣಿ.

ಇದನ್ನು ನಂಬಿಕೆಯ ಯಂತ್ರವಾಗಿ ಮಾಡಿದವನೂ ಒಬ್ಬ ರೈತನೇ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್. ಅಲ್ಲಿಯ ನದಿಗಳು ಜಡೆಯಂತೆ ಹತ್ತಾರು ಎಳೆಯಾಗಿ ಉರುಟುಗಲ್ಲಿನ ಮೇಲೆ ಹರಿಯುತ್ತವೆ. ಗೇಣು ನೀರಿನಲ್ಲಿ ಪಂಖವಿರುವ ದೋಣಿ ಹೋದರೆ ಪಂಖವೇ ಉಳಿಯುವುದಿಲ್ಲ. 1950ರ ದಶಕದಲ್ಲಿ ಹ್ಯಾಮಿಲ್ಟನ್ ಪಂಪು ಕೂರಿಸಿ ನೋಡಿದ. ಮೊದಲು ಧಾರೆಯನ್ನು ನೀರಿನೊಳಗೇ ಬಿಟ್ಟ, ದೋಣಿ ತೆವಳಿತು. ಧಾರೆಯ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ತಂದ, ಓಡಿತು. 1960ರಲ್ಲಿ ಅಮೆರಿಕದ ಕೊಲರಾಡೊ ನದಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಕಮರಿಯೊಳಗೆ, ಪ್ರವಾಹಕ್ಕೆ ಎದುರಾಗಿ ಆ ದೋಣಿಗಳು ಹತ್ತಿದವು. ನನಗೆ ಇಷ್ಟವಾಗುವುದು ಅದಕ್ಕೂ ಹಿಂದಿನ ಸಂಗತಿ. ತನ್ನ ಕಾರ್ಯಾಗಾರಕ್ಕೆ ವಿದ್ಯುತ್ತು ಬೇಕೆಂದು ಆತ ಹೊಲದ ಹಳ್ಳಕ್ಕೇ ಒಡ್ಡು ಕಟ್ಟಿ ನೀರಿನಿಂದ ವಿದ್ಯುತ್ತು ಮಾಡಿಕೊಂಡಿದ್ದ. ಗೋಕಾಕದವರಿಗೆ ಇಂಥ ಮನುಷ್ಯ ಪರಕೀಯನೆನಿಸುವುದಿಲ್ಲ.

ಮೇಸ್ತ್ರಿ ವಿಡಿಯೊವನ್ನು ಎರಡನೆಯ ಸಲ ಹಾಕಿಸಿದರು. ಈ ಸಲ ನೋಡಲಿಲ್ಲ, ಫೋನನ್ನು ಕಿವಿಗೆ ಒತ್ತಿಕೊಂಡರು. ಮೂರನೆಯ ಸಲವೂ ಹಾಗೆಯೇ. ಹಣೆಯಲ್ಲಿ ಗೆರೆ ಮೂಡಿತು.

'ಹುಡುಗ್ರು ಹೊರಗ ತೂಗಿದ್ರು. ದೋಣಿ ಹಿಂದ ಬಿತ್ತು. ಅಂದ್ರ ಲೋಡ್ ಬಿತ್ತು. ಆದ್ರ ಇಂಜಿನ್ ದನಿ ಬೀಳ್ಲಿಲ್ಲಲ್ಲ?'

ನಾನೂ ಕೇಳಿದೆ. ನಿಜ. ಒಂದೇ ಸ್ವರ. ಇದೇಕೆಂದು ಅವರು ಅಂದು ಹೇಳಲಿಲ್ಲ. 'ನಾಳಿ ಹೇಳ್ತೇನಿ, ಮಲ್ಕೊಂಡು ವಿಚಾರ ಮಾಡ್ತೇನಿ' ಎಂದು ಫೋನು ಮರಳಿಸಿದರು.

ಮರುದಿನ ಬೆಳಿಗ್ಗೆ ಲೋಳಸೂರ ಸೇತುವೆ ದಾಟಿ ಗೋಕಾಕಕ್ಕೆ ಬಂದೆ. 2019ರ ಆಗಸ್ಟಿನಲ್ಲಿ ಈ ಸೇತುವೆ ಕಾಣದಂತೆ ಘಟಪ್ರಭೆ ಹರಿದಿತ್ತು. ಈಗ ಕೆಳಗೆ ಹಸಿರು ಪಾಚಿಯ ನೀರು, ಬಟ್ಟೆ ಒಗೆಯುವ ಸದ್ದು. ಕರದಂಟಿನ ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಜಲಪಾತದ ಬಳಿ ನಿಂತಾಗ ಬಿಸಿಲು ಬಂಡೆಯ ಅಂಚಿಗೆ ಬಂದಿತ್ತು. ಕುದುರೆಯ ಲಾಳದಂತೆ ಬಾಗಿದ ಮರಳುಗಲ್ಲಿನ ಗೋಡೆ. 52 ಮೀಟರ್ ಆಳ. ಮಳೆಗಾಲದಲ್ಲಿ ಕೆಂಪು ನೀರು ಇಡೀ ಅಂಚಿನಿಂದ ಉರುಳುವಾಗ ಪಕ್ಕದವರ ಮಾತು ಕೇಳದು. ಈಗ ಎರಡು ಮೂರು ಬಿಳಿ ಎಳೆಗಳು ಮಾತ್ರ ಬಂಡೆಗೆ ಅಂಟಿಕೊಂಡು ಇಳಿಯುತ್ತಿದ್ದವು. ದಂಡೆಯ ಮೇಲೆ ಚಾಲುಕ್ಯರ ಕಾಲದ ಗುಡಿಗಳು, ನದಿಯ ಮೇಲೆ 201 ಮೀಟರ್ ಉದ್ದದ ತೂಗುಸೇತುವೆ, ಅದರಾಚೆ ಗಿರಣಿ.

ಈ ಗಿರಣಿಯ ಕಂಪನಿ 1885ರದು. ಧುಮುಕುವ ನೀರಿನ ಬಲವನ್ನು ನೂಲಿನ ಕದಿರುಗಳಿಗೆ ಕೊಡುವ ಆಸೆಯೇ ಅದರ ಹುಟ್ಟಿಗೆ ಕಾರಣ. 1887ರಲ್ಲೇ ಇಲ್ಲಿ ವಿದ್ಯುತ್ತು ಹುಟ್ಟಿತೆಂದು ಊರಿನವರು ಹೇಳುತ್ತಾರೆ, ಹೇಳುವಾಗ ಬೆನ್ನು ನೆಟ್ಟಗಾಗುತ್ತದೆ. ಕಮರಿಯ ತಳದಲ್ಲಿರುವ ಹಳೆಯ ವಿದ್ಯುತ್ ಮನೆಗೆ ಹಗ್ಗದ ಹಾದಿಯ ಟ್ರಾಲಿಯಲ್ಲಿ ಇಳಿಯಬೇಕು. ಮೇಲಿನಿಂದ ನೋಡಿದರೆ ಆ ಮನೆ ಬೆಂಕಿಪೆಟ್ಟಿಗೆಯಷ್ಟು.

ನೂಲುವ ಕೆಲಸಕ್ಕೆ ವೇಗದ ಏರಿಳಿತ ಸಲ್ಲದು. ಕದಿರು ಒಮ್ಮೆ ಜಿಗಿದರೆ ನೂಲು ಹರಿಯುತ್ತದೆ, ಒಮ್ಮೆ ಜೋತರೆ ಹುರಿ ಕೆಡುತ್ತದೆ. ಕದಿರುಗಳ ಒಂದು ಸಾಲು ನಿಂತರೆ ತಿರುಗಣಿಯ ಮೇಲಿನ ಭಾರ ಹಗುರಾಗುತ್ತದೆ. ಆಗ ನೀರಿನ ಬಾಗಿಲು ಅಷ್ಟೇ ಮುಚ್ಚಬೇಕು. ಆದರೆ ನೀರು ಡೀಸೆಲ್ಲಿನಂತಲ್ಲ. ಕೊಳವೆಯಲ್ಲಿ ಇಳಿಯುತ್ತಿರುವ ಟನ್ನುಗಟ್ಟಲೆ ನೀರಿನ ಮುಖಕ್ಕೆ ಬಾಗಿಲು ಹಾಕಿದರೆ ಅದು ಸುತ್ತಿಗೆಯಾಗುತ್ತದೆ. ಕರೆಂಟು ಹೋದಾಗ ನಮ್ಮ ಬಾವಿಯ ಪೈಪು 'ಧಡ್' ಎನ್ನುವುದಿಲ್ಲವೇ, ಅದರ ನೂರು ಪಟ್ಟು. ಅದಕ್ಕೇ ಜಲಯಂತ್ರದ ಗವರ್ನರು ಸಾವಧಾನಿ. ತಪ್ಪು ಕಂಡೊಡನೆ ಹಾರುವುದಿಲ್ಲ. ನೋಡುತ್ತದೆ, ತುಸು ತಿರುಗಿಸುತ್ತದೆ, ಕಾಯುತ್ತದೆ, ಮತ್ತೆ ತುಸು. ಅವಸರ ಮಾಡುವ ಗವರ್ನರು ವೇಗವನ್ನು ದಾಟಿ ಹೋಗಿ, ಮರಳಿ ಹಿಂದಕ್ಕೆ ದಾಟಿ, ಉಯ್ಯಾಲೆಯಾಡುತ್ತದೆ. ಇದಕ್ಕೆ ಗ್ಯಾರೇಜಿನ ಮಾತು 'ಹಂಟಿಂಗ್'. ಇಂಜಿನ್ನು 'ಊಂ-ಉಂ-ಊಂ-ಉಂ' ಎಂದು ನರಳುವುದನ್ನು ಕೇಳಿದ ಯಾರಿಗೂ ಆ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಧ್ಯಾಹ್ನಕ್ಕೆ ಧೂಪದಾಳದ ಒಡ್ಡು. ಹಿನ್ನೀರಿನ ಮೇಲೆ ಹಕ್ಕಿಗಳು ನಿದ್ದೆಗಣ್ಣಿನಲ್ಲಿ ತೇಲುತ್ತಿದ್ದವು. ಅಲ್ಲಿಂದ ಪಶ್ಚಿಮಕ್ಕೆ, ಹುಕ್ಕೇರಿ ತಾಲೂಕಿನ ಹಿಡಕಲ್. ರಾಜಾ ಲಖಮಗೌಡರ ಹೆಸರಿನ ಜಲಾಶಯ. 51 ಟಿಎಂಸಿ ನೀರು ಗುಡ್ಡದಿಂದ ಗುಡ್ಡಕ್ಕೆ ಹರಡಿ ನಿಂತಿತ್ತು. ಅಳಿಯನ ದೋಣಿಯನ್ನು ಇಲ್ಲಿ ಬಿಟ್ಟರೆ ಹೇಗೆ ಓಡೀತು ಎಂದು ಕಣ್ಣಳತೆ ಮಾಡಿದೆ. ದಂಡೆ ದೂರ, ನೀರು ಸಪಾಟು. ಇಂಥಲ್ಲಿ ವೇಗ ಕಣ್ಣಿಗೆ ತಿಳಿಯುವುದಿಲ್ಲ. ಹತ್ತಿರದಲ್ಲಿ ಮರವಿಲ್ಲ, ಮೈಲಿಗಲ್ಲಿಲ್ಲ.

ಅಣೆಕಟ್ಟಿನ ಕೆಳಗಿನ ವಿದ್ಯುದಾಗಾರದಲ್ಲಿ 16 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ತಾಲೂಕಿನ ಮನೆಮನೆಗೆ ವಿದ್ಯುತ್ತು ಹಂಚುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಜನರೇ ಸದಸ್ಯರಾಗಿ ಕಟ್ಟಿಕೊಂಡದ್ದು. ತ್ರೀಫೇಸ್ ಬಂದೊಡನೆ ಹೊಲಗಳ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ಕೂಗುತ್ತವೆ. 2013ರ ಕೊನೆಯ ದಿನದಿಂದ ದೇಶಕ್ಕೆಲ್ಲ ಒಂದೇ ವಿದ್ಯುಜ್ಜಾಲ. ಅದರಲ್ಲಿ ಕೂಡಿಕೊಂಡ ಯಂತ್ರಗಳೆಲ್ಲ 50 ಹರ್ಟ್ಸ್ ಎಂಬ ಒಂದೇ ತಾಳದಲ್ಲಿ ತಿರುಗಬೇಕು. 49.90ರಿಂದ 50.05ರೊಳಗೆ ಇರಬೇಕೆಂಬುದು ಕಟ್ಟಳೆ. ಮೂಡಲಗಿಯ ರೈತ ಗುಂಡಿ ಒತ್ತಿದರೆ ಎಲ್ಲೋ ದೂರದ ಕಣಿವೆಯಲ್ಲಿ ಒಂದು ಗವರ್ನರು ಕೂದಲೆಳೆಯಷ್ಟು ಅಲುಗುತ್ತದೆ. ಈ ಯೋಚನೆ ನನ್ನನ್ನು ಅಲ್ಲಿ ಬಹಳ ಹೊತ್ತು ನಿಲ್ಲಿಸಿತು.

ಸಂಜೆ ಗ್ಯಾರೇಜಿಗೆ ಮರಳಿದಾಗ ಮೇಸ್ತ್ರಿಯೇ ಎದ್ದು ಬಂದರು. ಉತ್ತರ ಸಿಕ್ಕಿತ್ತು.

'ಟ್ರ್ಯಾಕ್ಟರಿಗೆ ಗಾಲಿ ಅದಾವ್ರಿ. ಗಾಲಿ ನೆಲಾ ಕಚ್ಚಿರ್ತೈತಿ. ಗಾಲಿ ನಿಧಾನ ಆತಂದ್ರ ಇಂಜಿನ್ನೂ ನಿಧಾನ ಆಗಬೇಕ, ಗವರ್ನರಿಗೆ ತಿಳೀತೈತಿ. ದೋಣಿ ಏನೂ ಕಚ್ಚಿಲ್ಲ. ಪಂಪು ತನ್ನ ಪಾಡಿಗೆ ನೀರ ಒಗೀತೈತಿ. ನೀರ ಹತ್ರ ಬೀಳ್ಲಿ, ದೂರ ಬೀಳ್ಲಿ, ಪಂಪಿಗೇನ್ ಗೊತ್ತು? ಇದಕ್ಕ ಇಂಜಿನ್ ದನಿ ಕೇಳಿ ಉಪಯೋಗಿಲ್ಲ. ದಂಡಿ ನೋಡಿ ಹೊಡೀಬೇಕ.'

ಜೆಟ್ ದೋಣಿಯ ಇಡೀ ತೊಡಕನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಪಂಪು ಬೇಡುವ ಬಲ ಸುತ್ತಿನ ಘನದಂತೆ ಏರುತ್ತದೆ. ಸುತ್ತು ಇಮ್ಮಡಿಯಾದರೆ ಬಲ ಎಂಟು ಪಟ್ಟು. ಆದರೆ ದೋಣಿ ಓಡುತ್ತಿದೆಯೋ ತಡೆಯುತ್ತಿದೆಯೋ ಎಂಬುದು ಪಂಪಿಗೆ ಹೆಚ್ಚು ತಾಗುವುದಿಲ್ಲ. ಕಾರ್ಖಾನೆಯಿಂದಲೇ ಬರುವ ಕೆಲವು ಜೆಟ್ ದೋಣಿಗಳ ಕ್ರೂಸ್ ಕಂಟ್ರೋಲ್ ಇಂಜಿನ್ನಿನ ಸುತ್ತನ್ನಷ್ಟೇ ಹಿಡಿದಿಡುತ್ತದೆ. ಖಾಲಿ ಸರೋವರದಲ್ಲಿ ಉದ್ದಕ್ಕೆ ಹೋಗಲು, ಕೈಗೆ ದಣಿವಾಗದಿರಲು ಅದು ಸಾಕು. ಹಿಂದೆ ಮಕ್ಕಳಿದ್ದರೆ ಸಾಲದು. ದಂಡೆಯನ್ನು ನೋಡುವ ಕಣ್ಣು ಬೇಕು. ಆ ಕಣ್ಣು ಇವತ್ತು ಆಕಾಶದಲ್ಲಿದೆ. ಉಪಗ್ರಹದಿಂದ ದೋಣಿಯ ನಿಜವಾದ ವೇಗ ತಿಳಿದು, ಪುಟ್ಟ ಮೋಟಾರೊಂದು ಥ್ರಾಟಲ್ ತಂತಿಯನ್ನು ಎಳೆದು ಸಡಿಲಿಸುವ ಪೆಟ್ಟಿಗೆಗಳು ಸ್ಕೀಯಿಂಗ್ ದೋಣಿಗಳಿಗೆ ಸಿಗುತ್ತವೆ. ಕಾರಿನ ಕ್ರೂಸ್ ಕಂಟ್ರೋಲಿಗೆ 1950ರಲ್ಲಿ ಪೇಟೆಂಟ್ ಪಡೆದ ರಾಲ್ಫ್ ಟೀಟರ್ ಐದನೆಯ ವಯಸ್ಸಿಗೇ ಕಣ್ಣು ಕಳೆದುಕೊಂಡಿದ್ದ ಇಂಜಿನಿಯರು. ಕಾರು ಓಡಿಸುವವರ ಕಾಲಿನ ಚಂಚಲತೆಯನ್ನು ಆತ ಮೈಯಲ್ಲಿ ಉಂಡಿದ್ದ. ಟ್ಯೂಬಿನ ಮೇಲಿನ ಮಕ್ಕಳೂ ಹಾಗೆಯೇ ಉಣ್ಣುತ್ತಾರೆ.

ಆಮೇಲೆ ಮೇಸ್ತ್ರಿ ಅಳಿಯನಿಗೆ ನೇರವಾಗಿ ಫೋನು ಹಚ್ಚಿಸಿ ಮೂರು ಮಾತು ಹೇಳಿದರು. ತೆರೆಯ ಮೇಲೆ ದೋಣಿ ಎಗರಿದರೆ ಅಡಿಯ ಬಾಯಿ ಗಾಳಿ ಕುಡಿಯುತ್ತದೆ, ಬಾವಿ ತಳ ಕಂಡಾಗ ಪಂಪು ಏರ್ ಹಿಡಿದಂತೆ. ಆಗ ಲೋಡೇ ಇಲ್ಲದೆ ಇಂಜಿನ್ನು ಕಿರುಚುತ್ತದೆ. ಪೆಟ್ಟಿಗೆ ಅದನ್ನು ಕಂಡು ತಕ್ಷಣ ರೇಸು ಇಳಿಸಬೇಕು. ಎರಡನೆಯದು, ಉಳಿದೆಲ್ಲ ಹೊತ್ತು ಅದು ಸಾವಕಾಶವಾಗಿರಬೇಕು, ಹಂಟಿಂಗ್ ಆಗಬಾರದು. ಮೂರನೆಯದಕ್ಕೆ ಅವರ ದನಿ ಗಡುಸಾಯಿತು. 'ಕೈಯಿಂದ ಹಿಡಕಿ ಹಿಂದ ಎಳದ್ರ, ಪೆಟಗಿ ಏನ ಅನ್ಲಿ, ಮೊದಲ ಕೈ ಮಾತು ಕೇಳಬೇಕ. ಮಣಿಕಟ್ಟಿನ ಹಗ್ಗ ಹರೀತಂದ್ರ ಇಂಜಿನ್ ಸಾಯಬೇಕ.'

ಅಳಿಯ ಇನ್ನೊಂದನ್ನು ಕೂಡಿಸಿದ. ಜೆಟ್ ದೋಣಿಯಲ್ಲಿ ಧಾರೆ ನಿಂತರೆ ತಿರುಗುವ ಶಕ್ತಿಯೂ ನಿಲ್ಲುತ್ತದೆ. ಎದುರಿಗೆ ಬಂಡೆ ಬಂತೆಂದು ಹೆದರಿ ಪೂರ್ತಿ ರೇಸು ಬಿಟ್ಟವನು ಸ್ಟೇರಿಂಗ್ ತಿರುಗಿಸುತ್ತಲೇ ನೆಟ್ಟಗೆ ಬಂಡೆಗೆ ಹೋಗುತ್ತಾನೆ. ಆದ್ದರಿಂದ ಕ್ರೂಸ್ ಬಿಟ್ಟಾಗ ರೇಸು ತಳಕ್ಕೆ ಬೀಳದೆ ಕೈಗೆ ಬಂದು ಸೇರುವಂತೆ ಕಟ್ಟುವೆ ಎಂದ. ಮೇಸ್ತ್ರಿ ತಲೆಯಾಡಿಸಿದರು. ಆ ಪಾಠ ಅವರು ಕಲಿಸಿದ್ದಾಗಿರಲಿಲ್ಲ. ಅದು ಅವರಿಗೆ ಹಿಡಿಸಿತು.

ಫೆಬ್ರುವರಿಯಲ್ಲಿ ಎರಡನೆಯ ವಿಡಿಯೊ ಬಂತು. ಕಬ್ಬು ಮುಗಿಯುತ್ತ ಬಂದಿತ್ತು, ಕಾಲುವೆಯ ಬದಿಯ ಹೊಲಗಳು ಬೋಳಾಗಿ ರವದಿ ಸುಟ್ಟ ಕರಿ ಪಟ್ಟೆಗಳು ಕಾಣುತ್ತಿದ್ದವು. ಮೇಸ್ತ್ರಿ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತು, ಫೋನನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು. ನಾನು ಪಕ್ಕದಿಂದ ಬಗ್ಗಿ ಪರದೆಯ ಒಂದು ಮೂಲೆ ನೋಡುತ್ತಿದ್ದೆ. ದೂರದ ನೀಲಿ ಗುಡ್ಡಗಳು ಬದಿಯಲ್ಲಿ ಒಂದೇ ಸಮನೆ ಸರಿಯುತ್ತಿದ್ದವು. ಟ್ಯೂಬಿನ ಮೇಲಿನ ಮಕ್ಕಳು ಕೇಕೆ ಹಾಕಿ ಹೊರಕ್ಕೆ ತೂಗಿದರು. ಇಂಜಿನ್ನಿನ ಸ್ವರ ಮೆಲ್ಲಗೆ ಒಂದು ಮೆಟ್ಟಿಲು ಏರಿತು, ಅಲ್ಲಿ ನಿಂತಿತು, ಅವರು ಒಳಗೆ ಬಂದಂತೆ ಮೆಲ್ಲಗೆ ಇಳಿಯಿತು. ಗುಡ್ಡಗಳು ಮಾತ್ರ ಅದೇ ನಡೆಯಲ್ಲಿ ಸರಿಯುತ್ತಲೇ ಇದ್ದವು.

'ಹಾಂ' ಎಂದರು ಮೇಸ್ತ್ರಿ, ಕಣ್ಣು ತೆರೆಯದೆ. 'ಈಗ ಹಿಡೀತು.'